ಗ್ರಾಮಸಭೆಯಲ್ಲಿ ಆಡಿದ ಮಾತು ಎಲ್ಲಿಗೆ ಹೋಗುತ್ತದೆ? ಸಂಶೋಧನೆಗೆ ಮೊದಲ ಸಲ ಇಳಿಯುವವರಿಗೆ ಒಂದು ಕೈಪಿಡಿ

ಕೆಲವು ವರ್ಷಗಳ ಹಿಂದೆ ಒಂದು ಊರಿನ ಗ್ರಾಮಸಭೆಯಲ್ಲಿ ಕೂತಿದ್ದೆ. ಶಾಲೆಯ ಅಂಗಳ, ಶಾಮಿಯಾನ, ಮುಂದೆ ಬಟ್ಟೆ ಹಾಸಿದ ಮೇಜು. ಸಭೆ ಮುಗಿಯುತ್ತಾ ಬಂದಿತ್ತು. ಹಿಂದುಗಡೆ ಕಂಬ ಹಿಡಿದು ನಿಂತಿದ್ದ ಹೆಂಗಸೊಬ್ಬರು ದನಿ ಎತ್ತಿದರು. "ಸ್ವಾಮಿ, ನಮ್ ಕೇರಿ ನಲ್ಲೀಲಿ ನಾಕು ದಿವ್ಸಕ್ಕೊಂದ್ಸಲ ನೀರು ಬತ್ತದೆ. ಅದೂ ರಾತ್ರಿ ಹನ್ನೊಂದು ಗಂಟೆಗೆ. ಬೆಳಿಗ್ಗೆ ಎದ್ದು ಕೂಲಿಗೋಗೋರು ನಾವು. ಹೊತ್ತು ಬದ್ಲಾಯ್ಸಿ."

ಎರಡು ವಾರ ಬಿಟ್ಟು ನಡಾವಳಿ ಪುಸ್ತಕ, ಅಂದರೆ ಸಭೆಯಲ್ಲಿ ನಡೆದದ್ದನ್ನು ಬರೆದಿಡುವ ಪುಸ್ತಕ, ನೋಡಿದೆ. ಅದರಲ್ಲಿ ಒಂದು ಸಾಲು ಇತ್ತು: "ಕುಡಿಯುವ ನೀರಿನ ಸಮಸ್ಯೆ ಕುರಿತು ಚರ್ಚಿಸಲಾಯಿತು." ಕೇರಿಯ ಹೆಸರಿಲ್ಲ. ನಾಲ್ಕು ದಿನ ಇಲ್ಲ, ರಾತ್ರಿ ಹನ್ನೊಂದು ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆಕೆ ಕೇಳಿದ್ದೇ ಇಲ್ಲ. ಆಕೆ ಹೊಸ ಬೋರ್‌ವೆಲ್ ಕೇಳಿರಲಿಲ್ಲ. ನೀರು ಬಿಡುವ ಹೊತ್ತು ಬದಲಿಸಿ ಎಂದಿದ್ದರು. ಅದಕ್ಕೆ ಅನುದಾನ ಬೇಕಿರಲಿಲ್ಲ.

ಜನರ ಪಾಲ್ಗೊಳ್ಳುವಿಕೆಯ ಬಗ್ಗೆ ನಾನು ಕಲಿತದ್ದರಲ್ಲಿ ಬಹುಪಾಲು ಆ ಒಂದು ಸಾಲಿನಿಂದ ಶುರುವಾಯಿತು. ಸಭೆಗೆ ಎಷ್ಟು ಜನ ಬಂದರು ಎಂದು ಎಣಿಸುವುದು ಸುಲಭ. ಬಂದವರ ಮಾತು ಬಾಯಿಂದ ಹೊರಟು ಪುಸ್ತಕಕ್ಕೆ, ಪುಸ್ತಕದಿಂದ ಕ್ರಿಯಾಯೋಜನೆಗೆ (ಪಂಚಾಯಿತಿ ಆ ವರ್ಷ ಮಾಡುವ ಕೆಲಸಗಳ ಪಟ್ಟಿಗೆ), ಅಲ್ಲಿಂದ ನೆಲಕ್ಕೆ ತಲುಪಿತೇ ಎಂದು ನೋಡುವುದು ಕಷ್ಟ. ಆದರೆ ನಿಜವಾದ ಸಂಶೋಧನೆ ಇರುವುದು ಅಲ್ಲೇ. ಎಂಎ ಪ್ರಬಂಧ ಬರೆಯುವವರು, ಪಿಎಚ್‌ಡಿ ಶುರು ಮಾಡಿದವರು, ಸುಮ್ನೆ ತಮ್ಮ ಪಂಚಾಯಿತಿಯನ್ನು ಅರ್ಥ ಮಾಡಿಕೊಳ್ಳಬೇಕು ಎಂದಿರುವವರು, ಯಾರು ಬೇಕಾದರೂ ಮಾಡಬಹುದು. ಹೇಗೆ ಎಂದು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಪ್ರಶ್ನೆಯನ್ನು ಕೈಗೆ ಸಿಗುವಷ್ಟು ಚಿಕ್ಕದು ಮಾಡಿ

"ಸ್ಥಳೀಯ ಆಡಳಿತದಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆ: ಒಂದು ಅಧ್ಯಯನ" ಎಂಬ ತಲೆಬರಹ ತುಂಬಾ ಪ್ರಬಂಧಗಳಲ್ಲಿ ಕಾಣುತ್ತದೆ. ಇದು ಪ್ರಶ್ನೆಯೇ ಅಲ್ಲ. ಇದಕ್ಕೆ ಹೌದು, ಇಲ್ಲ, ಇಷ್ಟು ಎಂಬ ಉತ್ತರ ಬರುವುದಿಲ್ಲ.

ಇಂಥ ಪ್ರಶ್ನೆ ಇಟ್ಟುಕೊಳ್ಳಿ: ಒಂದು ಪಂಚಾಯಿತಿಯ ಎರಡು ಗ್ರಾಮಸಭೆಗಳಲ್ಲಿ ಜನ ಕೇಳಿದ ಕೆಲಸಗಳಲ್ಲಿ ಎಷ್ಟು ನಡಾವಳಿಗೆ ಬಂದವು, ಎಷ್ಟು ಕ್ರಿಯಾಯೋಜನೆಗೆ ಹೋದವು? ಮಹಿಳಾ ಗ್ರಾಮಸಭೆಯಲ್ಲಿ ಎದ್ದ ವಿಷಯ ಸಾಮಾನ್ಯ ಗ್ರಾಮಸಭೆಗೆ ಬರುತ್ತದೆಯೇ? ಮನೆ ಹಂಚಿಕೆಯ ಫಲಾನುಭವಿಗಳ ಪಟ್ಟಿ ಸಭೆಯಲ್ಲಿ ಓದಿದಾಗ ಬದಲಾಗುತ್ತದೆಯೇ, ಇಲ್ಲ ಮೊದಲೇ ಬರೆದದ್ದೇ ಉಳಿಯುತ್ತದೆಯೇ?

ಪ್ರಶ್ನೆ ಸರಿಯಿದೆಯೇ ಎಂದು ನೋಡಲು ಒಂದು ದಾರಿ ಇದೆ. ಅದನ್ನು ನಿಮ್ಮ ಮನೆಯಲ್ಲಿ ಯಾರಿಗಾದರೂ, ಅಮ್ಮನಿಗೋ ಚಿಕ್ಕಪ್ಪನಿಗೋ ಹೇಳಿ. "ಓ, ಅದು ಗೊತ್ತಾಗ್ಬೇಕು ಅಲ್ವಾ?" ಎಂದರೆ ಪ್ರಶ್ನೆ ಗಟ್ಟಿ. "ಹ್ಞಾ, ಒಳ್ಳೇದು" ಎಂದು ಸುಮ್ಮನಾದರೆ ಇನ್ನೂ ಕತ್ತರಿಸಬೇಕು.

ಹೆಜ್ಜೆ 2: ಕಾನೂನು ಮೊದಲು ಓದಿ, ಸಿದ್ಧಾಂತ ಆಮೇಲೆ

ಸಿದ್ಧಾಂತದಿಂದ ಶುರು ಮಾಡಿದವರು ಸಭೆಯಲ್ಲಿ ಕೂತಾಗ ಕಂಗಾಲಾಗುವುದನ್ನು ನೋಡಿದ್ದೇನೆ. ಮುಂದೆ ನಡೆಯುತ್ತಿರುವುದು ಯಾವ ಸಭೆ ಎಂದೇ ಅವರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಕಾನೂನು ಮೊದಲು.

ಸಂವಿಧಾನದ 73ನೇ ತಿದ್ದುಪಡಿ 1992ರಲ್ಲಿ ಆಯಿತು, 24 ಏಪ್ರಿಲ್ 1993ರಂದು ಜಾರಿಗೆ ಬಂತು. ಗ್ರಾಮಸಭೆ ಎಂಬ ಮಾತು ಸಂವಿಧಾನದ ಒಳಗೆ ಬಂದದ್ದು ಆಗ. ಗ್ರಾಮಸಭೆ ಎಂದರೆ ಪಂಚಾಯಿತಿ ಸದಸ್ಯರ ಸಭೆಯಲ್ಲ. ಆ ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಅದರ ಸದಸ್ಯರು. ಆರಿಸಿ ಬಂದವರ ಅವಧಿ ಮುಗಿದರೂ ಗ್ರಾಮಸಭೆಗೆ ಅವಧಿ ಎಂಬುದಿಲ್ಲ. ಈ ವ್ಯತ್ಯಾಸ ಊರಲ್ಲಿ ತುಂಬಾ ಜನರಿಗೆ ಗೊತ್ತಿಲ್ಲ. ಅವರಿಗೆ ಗೊತ್ತಿಲ್ಲ ಎಂಬುದೇ ನಿಮಗೆ ಒಂದು ಮಾಹಿತಿ.

ಕರ್ನಾಟಕದ ಪಂಚಾಯತ್ ರಾಜ್ ಅಧಿನಿಯಮ ಬಂದದ್ದು 1993ರಲ್ಲಿ. ಅದನ್ನು ಪರಿಶೀಲಿಸಿದ ರಮೇಶ್ ಕುಮಾರ್ ಸಮಿತಿಯ ಶಿಫಾರಸಿನ ನಂತರ 2015ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಆಯಿತು. ಈಗ ಅದರ ಹೆಸರಿನಲ್ಲೇ ಗ್ರಾಮ ಸ್ವರಾಜ್ ಎಂಬ ಮಾತಿದೆ. ಜನವಸತಿ ಸಭೆ, ವಾರ್ಡ್ ಸಭೆ, ಗ್ರಾಮಸಭೆ ಎಂದು ಮೂರು ಮಟ್ಟ. ಬೇಡಿಕೆ ಕೆಳಗಿನಿಂದ ಮೇಲೆ ಬರಬೇಕು ಎಂಬುದು ಇದರ ಲೆಕ್ಕ. ಹಳೆಯ ಮುದ್ರಣದ ಪುಸ್ತಕ ಹಿಡಿದು ಹೋಗಬೇಡಿ, ತಿದ್ದುಪಡಿ ಸೇರಿದ ಪ್ರತಿಯನ್ನೇ ತೆಗೆದುಕೊಳ್ಳಿ. ಕೋರಂ (ಸಭೆ ನಡೆಸಲು ಇರಲೇಬೇಕಾದ ಜನ) ಎಷ್ಟು, ಹೆಂಗಸರು ಎಷ್ಟು ಇರಬೇಕು, ತಿಳಿವಳಿಕೆ ಎಷ್ಟು ದಿನ ಮೊದಲು ಕೊಡಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ.

ಸ್ವಲ್ಪ ಹಿಂದಿನದೂ ತಿಳಿದಿರಲಿ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದಾಗ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಸಚಿವರಾಗಿದ್ದಾಗ, 1983ರ ಕಾಯ್ದೆ ರೂಪುಗೊಂಡಿತು. 1987ರಲ್ಲಿ ಜಿಲ್ಲಾ ಪರಿಷತ್ತು, ಹಲವು ಊರು ಸೇರಿದ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಆಗಲೇ ಹೆಂಗಸರಿಗೆ ಶೇ 25 ಮೀಸಲಾತಿ ಇತ್ತು. ಇಂದು ಅದು ಅರ್ಧದಷ್ಟಾಗಿದೆ. ಊರಿನ ಹಿರಿಯರು ಈಗಲೂ "ಮಂಡಲ ಪಂಚಾಯ್ತಿ ಕಾಲದಲ್ಲಿ" ಎಂದು ಮಾತು ಶುರು ಮಾಡುತ್ತಾರೆ. ನಜೀರ್ ಸಾಬರನ್ನು "ನೀರ್ ಸಾಬ್" ಎಂದು ನೆನೆಯುತ್ತಾರೆ. ಈ ನೆನಪುಗಳನ್ನು ಕೇಳಿಸಿಕೊಳ್ಳಲು ನಿಮಗೆ ಹಿನ್ನೆಲೆ ಬೇಕು.

ಇನ್ನು ಸಿದ್ಧಾಂತ. ಮೂರು ನಾಲ್ಕು ಸಾಕು.

ಅಮೆರಿಕದ ಶೆರಿ ಆರ್ನ್‌ಸ್ಟೈನ್ 1969ರಲ್ಲಿ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ತೋರಿಸಿದರು. ಕೆಳಗಿನ ಎರಡು ಮೆಟ್ಟಿಲಲ್ಲಿ ಪಾಲ್ಗೊಳ್ಳುವಿಕೆಯೇ ಇಲ್ಲ, ಜನರನ್ನು ಪಳಗಿಸುವ ಕೆಲಸ ಮಾತ್ರ. ನಡುವಿನ ಮೂರರಲ್ಲಿ ಮಾಹಿತಿ ಕೊಡುತ್ತಾರೆ, ಅಭಿಪ್ರಾಯ ಕೇಳುತ್ತಾರೆ, ಸಮಾಧಾನ ಮಾಡುತ್ತಾರೆ, ಆದರೆ ತೀರ್ಮಾನ ತಮ್ಮ ಕೈಲೇ ಇಟ್ಟುಕೊಳ್ಳುತ್ತಾರೆ. ಮೇಲಿನ ಮೂರರಲ್ಲಿ ಮಾತ್ರ ಅಧಿಕಾರ ಜನರ ಕೈಗೆ ಬರುತ್ತದೆ. ಅಮೆರಿಕದ ನಗರಗಳ ಸರ್ಕಾರಿ ಯೋಜನೆಗಳನ್ನು ನೋಡಿ ಅವರು ಬರೆದದ್ದು. ಆದರೂ ನಮ್ಮ ಸಭೆಗಳಿಗೆ ಹಿಡಿದು ನೋಡಿದರೆ ಕಣ್ಣು ತೆರೆಯುತ್ತದೆ.

ಆರ್ಚನ್ ಫಂಗ್ 2006ರಲ್ಲಿ ಇದನ್ನೇ ಮೂರು ಪ್ರಶ್ನೆ ಮಾಡಿದರು. ಯಾರು ಬರುತ್ತಾರೆ? ಹೇಗೆ ಮಾತಾಡಿ ತೀರ್ಮಾನಕ್ಕೆ ಬರುತ್ತಾರೆ? ಆ ತೀರ್ಮಾನಕ್ಕೆ ಎಷ್ಟು ಬಲ ಇರುತ್ತದೆ? ಹೊಸಬರಿಗೆ ಏಣಿಗಿಂತ ಈ ಮೂರು ಪ್ರಶ್ನೆ ಜಾಸ್ತಿ ಉಪಯೋಗಕ್ಕೆ ಬರುತ್ತವೆ ಎಂದು ನನ್ನ ಅನುಭವ. ಒಂದೇ ಸಭೆ ಮೊದಲ ಪ್ರಶ್ನೆಯಲ್ಲಿ ಚೆನ್ನಾಗಿದ್ದು ಮೂರನೆಯದರಲ್ಲಿ ಸೋಲಬಹುದು. ಏಣಿಯಲ್ಲಿ ಅದನ್ನು ಹೇಳಲು ಜಾಗ ಇಲ್ಲ.

ನಮ್ಮ ನೆಲದ್ದೇ ಎರಡು ಕೆಲಸಗಳಿವೆ. ರಾಘಬೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪಶ್ಚಿಮ ಬಂಗಾಳ, ರಾಜಸ್ಥಾನದ 265 ಪಂಚಾಯಿತಿಗಳ ಅಧ್ಯಯನ ಪ್ರಕಟಿಸಿದರು. ಮುಖ್ಯಸ್ಥರ ಸ್ಥಾನ ಹೆಂಗಸರಿಗೆ ಮೀಸಲಾದ ಕಡೆ, ಹೆಂಗಸರು ಯಾವುದರ ಬಗ್ಗೆ ದೂರುತ್ತಿದ್ದರೋ, ಮುಖ್ಯವಾಗಿ ಕುಡಿಯುವ ನೀರು, ಆ ಕೆಲಸಗಳು ಜಾಸ್ತಿ ಆಗಿದ್ದವು. ಅವರ ವಿಧಾನವನ್ನು ಗಮನಿಸಿ: ಹೆಂಗಸರು ಏನು ಕೇಳಿದರು, ಗಂಡಸರು ಏನು ಕೇಳಿದರು ಎಂದು ಬೇರೆ ಬೇರೆ ಎಣಿಸಿದರು. ಎರಡನೆಯದು ವಿಜಯೇಂದ್ರ ರಾವ್ ಮತ್ತು ಪರೊಮಿತಾ ಸನ್ಯಾಲ್ ಅವರದು. ಕರ್ನಾಟಕವೂ ಸೇರಿದಂತೆ ದಕ್ಷಿಣದ ನಾಲ್ಕು ರಾಜ್ಯಗಳ ಸುಮಾರು 300 ಗ್ರಾಮಸಭೆಗಳ ಮಾತನ್ನು ಅಕ್ಷರಕ್ಕೆ ಇಳಿಸಿ ಓದಿದರು. ಬಡವರು ಅಲ್ಲಿ ಬರೀ ಸವಲತ್ತು ಕೇಳುವುದಿಲ್ಲ, ಎಲ್ಲರ ಎದುರು ಸಮಾನರಾಗಿ ನಿಂತು ಮಾತಾಡುವ ಮರ್ಯಾದೆಯನ್ನೂ ಕೇಳುತ್ತಾರೆ ಎಂದು 2010ರ ಲೇಖನದಲ್ಲಿ ತೋರಿಸಿದರು. ಕಂಬ ಹಿಡಿದು ನಿಂತ ಆ ಹೆಂಗಸನ್ನು ನೆನೆದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಹೊರಗಿನ ಹೋಲಿಕೆ ಬೇಕಿದ್ದರೆ ಕೇರಳದ 1996ರ ಜನಯೋಜನೆ ಇದೆ, ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಲ್ಲಿ ಶುರುವಾದ, ಹಣ ಯಾವುದಕ್ಕೆ ಎಂದು ಜನರೇ ಕೂತು ಹೇಳುವ ಜನರ ಬಜೆಟ್ ಇದೆ. ಮೊದಲ ಪ್ರಬಂಧಕ್ಕೆ ಅವುಗಳ ಬಗ್ಗೆ ಒಂದೊಂದು ಪುಟ ಓದಿದ್ದರೆ ಸಾಕು.

ಹೆಜ್ಜೆ 3: ಊರು ಆರಿಸುವುದು

ಕಾಲೇಜಿಗೆ ಹತ್ತಿರ, ಬಸ್ಸು ಇದೆ, ಪರಿಚಯದವರಿದ್ದಾರೆ ಎಂದು ಊರು ಆರಿಸುವುದೇ ಜಾಸ್ತಿ. ತಪ್ಪೇನಿಲ್ಲ, ಆದರೆ ಅದನ್ನು ಪ್ರಬಂಧದಲ್ಲಿ ನೇರವಾಗಿ ಬರೆಯಿರಿ.

ಎರಡು ಪಂಚಾಯಿತಿ ಹೋಲಿಸುವ ಶಕ್ತಿ ಇದ್ದರೆ, ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ನೆರವಿಗೆ ಬರುತ್ತದೆ. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲೂ 39 ಅತ್ಯಂತ ಹಿಂದುಳಿದವು ಎಂದು ಅದು ಪಟ್ಟಿ ಮಾಡಿತು. ಅತ್ಯಂತ ಹಿಂದುಳಿದ ತಾಲ್ಲೂಕಿನ ಒಂದು ಪಂಚಾಯಿತಿ, ಮುಂದುವರಿದ ತಾಲ್ಲೂಕಿನ ಒಂದು ಪಂಚಾಯಿತಿ ತೆಗೆದುಕೊಂಡರೆ ಹೋಲಿಕೆಗೆ ಒಂದು ನೆಲೆ ಸಿಗುತ್ತದೆ. ಅಧ್ಯಕ್ಷ ಸ್ಥಾನದ ಮೀಸಲಾತಿಯನ್ನೂ ನೋಡಿ. ಒಂದು ಕಡೆ ಮಹಿಳಾ ಮೀಸಲು, ಇನ್ನೊಂದು ಕಡೆ ಸಾಮಾನ್ಯ ಇದ್ದರೆ ಪ್ರಶ್ನೆಗೆ ಇನ್ನೊಂದು ಮುಖ ಬರುತ್ತದೆ.

ಒಂದು ಪಂಚಾಯಿತಿಯಲ್ಲಿ ಹಲವು ಹಳ್ಳಿಗಳಿರುತ್ತವೆ ಎಂಬುದನ್ನು ಮರೆಯಬೇಡಿ. ಸಭೆ ನಡೆಯುವ ಊರಿಗೂ ದೂರದ ಮಜರೆಗೂ ನಡೆದು ಎಷ್ಟು ಹೊತ್ತು ಎಂದು ನೀವೇ ನಡೆದು ನೋಡಿ. ಮಲೆನಾಡಿನಲ್ಲಂತೂ ಈ ನಡಿಗೆಯೇ ಅರ್ಧ ಉತ್ತರ ಕೊಡುತ್ತದೆ.

ಹೆಜ್ಜೆ 4: ಪಂಚಾಯಿತಿ ಕಚೇರಿಗೆ ಹೋಗುವುದು

ಕಾಲೇಜಿನ ಪತ್ರ ಹಿಡಿದು ಹೋಗಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನೂ ಅಧ್ಯಕ್ಷರನ್ನೂ ಇಬ್ಬರನ್ನೂ ಕಾಣಿ. ಅಧ್ಯಕ್ಷೆ ಹೆಣ್ಣುಮಗಳಾಗಿದ್ದು ಅವರ ಮನೆಯವರು ಮಾತಾಡಲು ಬಂದರೆ, ಬೇಸರ ಮಾಡದೆ ಕೇಳಿ, ಆಮೇಲೆ "ಅಧ್ಯಕ್ಷರ ಹತ್ರವೂ ಎರಡು ಮಾತು ಆಡಬೇಕಿತ್ತು ಅಣ್ಣ" ಎಂದು ವಿನಯದಿಂದ ಹೇಳಿ. ಸಾಮಾನ್ಯವಾಗಿ ಬಿಡುತ್ತಾರೆ.

ತಪ್ಪು ಹುಡುಕಲು ಬಂದವರಲ್ಲ ಎಂದು ಅವರಿಗೆ ಗೊತ್ತಾಗಬೇಕು. ಅದು ಬಾಯಿಮಾತಲ್ಲ, ನಿಜವೂ ಆಗಿರಬೇಕು. ಎಷ್ಟೋ ಪಿಡಿಒಗಳು ಒಂದೇ ದಿನದಲ್ಲಿ ತಾಲ್ಲೂಕಿನ ಸಭೆ, ಕಂಪ್ಯೂಟರ್ ಎಂಟ್ರಿ, ಕುಡಿಯುವ ನೀರಿನ ಗಲಾಟೆ ಮೂರನ್ನೂ ನಿಭಾಯಿಸುತ್ತಿರುತ್ತಾರೆ. ಅವರ ಕಷ್ಟವೂ ನಿಮ್ಮ ಸಂಶೋಧನೆಯ ಒಳಗಿನದೇ.

ಬಿಲ್ ಕಲೆಕ್ಟರ್ ಮತ್ತು ನಲ್ಲಿಗೆ ನೀರು ಬಿಡುವ ನೀರುಗಂಟಿ, ಈ ಇಬ್ಬರ ಪರಿಚಯ ಮಾಡಿಕೊಳ್ಳಿ. ಮನೆ ಮನೆಗೆ ಹೋಗುವವರು ಅವರು. ಊರಿನ ಒಳಗು ಹೊರಗು ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರುವುದಿಲ್ಲ.

ಹೆಜ್ಜೆ 5: ದಾಖಲೆಗಳನ್ನು ಕೂಡಿಸಿ

ಬೇಕಾದವು ಇಷ್ಟು: ಕಳೆದ ಎರಡು ಮೂರು ವರ್ಷದ ಗ್ರಾಮಸಭೆ ಮತ್ತು ವಾರ್ಡ್ ಸಭೆಯ ನಡಾವಳಿ, ಹಾಜರಿ ಪುಸ್ತಕ, ತಿಳಿವಳಿಕೆ ಪತ್ರದ ಪ್ರತಿ, ವಾರ್ಷಿಕ ಕ್ರಿಯಾಯೋಜನೆ, ಕಾಮಗಾರಿಗಳ ಪಟ್ಟಿ, ಜಮಾಬಂದಿ ವರದಿ. ಜಮಾಬಂದಿಯನ್ನು ಬಿಡಬೇಡಿ. ಹಿಂದಿನ ವರ್ಷದ ಲೆಕ್ಕ ಮತ್ತು ಕೆಲಸವನ್ನು ಜನರ ಮುಂದೆ ತಾಳೆ ನೋಡುವ ದಿನ ಅದು.

ಕೇಳಿದರೆ ಕೊಡುವವರೇ ಜಾಸ್ತಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸುಮಾರು 150 ಪದದ ಒಳಗೆ ಇರಬೇಕು. ನಡಾವಳಿಗೆ ಒಂದು ಅರ್ಜಿ, ಕ್ರಿಯಾಯೋಜನೆಗೆ ಇನ್ನೊಂದು ಎಂದು ಬೇರೆ ಬೇರೆ ಹಾಕಿ. "ಎಲ್ಲ ದಾಖಲೆ ಕೊಡಿ" ಎಂದು ಬರೆದರೆ ಏನೂ ಸಿಗುವುದಿಲ್ಲ. "2022-23ನೇ ಸಾಲಿನ ಗ್ರಾಮಸಭೆಗಳ ನಡಾವಳಿಯ ದೃಢೀಕೃತ ಪ್ರತಿ" ಎಂದು ಬರೆದರೆ ಸಿಗುತ್ತದೆ. ಕಡತ ನೋಡಲು ಅವಕಾಶ ಕೊಡಿ ಎಂದೂ ಕೇಳಬಹುದು, ಕಾಯ್ದೆಯಲ್ಲಿ ಅದಕ್ಕೆ ದಾರಿ ಇದೆ. ವಿದ್ಯಾರ್ಥಿಗಳಿಗೆ ನಾನು ಅದನ್ನೇ ಹೇಳುತ್ತೇನೆ. ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿದರೆ ಜೆರಾಕ್ಸ್‌ನಲ್ಲಿ ಕಾಣದ್ದು ಕಾಣುತ್ತದೆ. ಶಾಯಿ ಎಲ್ಲಿ ಬದಲಾಗಿದೆ, ಸಹಿಗಳ ಕೆಳಗೆ ಎಲ್ಲಿ ಜಾಗ ಬಿಟ್ಟಿದ್ದಾರೆ, ಹೆಬ್ಬೆಟ್ಟು ಎಷ್ಟು, ಸಹಿ ಎಷ್ಟು.

ಮಾಹಿತಿ ಹಕ್ಕಿನ ಅರ್ಜಿ ಹಾಕುವ ಮೊದಲು ಹೋಗಿ ಹೇಳಿ. ಹೇಳದೆ ಕೇಳದೆ ಅರ್ಜಿ ಬಂದರೆ ಕಚೇರಿಯವರಿಗೆ ಅದು ಜಗಳದ ನೋಟಿಸಿನಂತೆ ಕಾಣುತ್ತದೆ. ಆಮೇಲೆ ಒಂದು ಲೋಟ ನೀರೂ ಸಿಗುವುದಿಲ್ಲ.

ಹೆಜ್ಜೆ 6: ಸಭೆಯ ದಿನ

ಇಲ್ಲಿ ಸ್ವಲ್ಪ ನಿಲ್ಲೋಣ. ಇಡೀ ಅಧ್ಯಯನದ ಜೀವ ಇರುವುದು ಇಲ್ಲೇ.

ಸಭೆಗೆ ಎರಡು ದಿನ ಮೊದಲೇ ಊರಿಗೆ ಹೋಗಿ. ಟಾಂಟಾಂ ಹೊಡೆದರೇ? ಆಟೋದಲ್ಲಿ ಮೈಕ್ ಕಟ್ಟಿ ಕೂಗಿದರೇ? ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಬಿಟ್ಟರೇ? ಕೂಗಿದ ಆಟೋ ಯಾವ ಕೇರಿಯವರೆಗೆ ಹೋಯಿತು, ಎಲ್ಲಿ ತಿರುಗಿತು? ನಾಲ್ಕು ಮನೆಯಲ್ಲಿ "ಸಭೆ ಯಾವಾಗ?" ಎಂದು ಕೇಳಿ. ಉತ್ತರ ಬರೆದುಕೊಳ್ಳಿ.

ಸಭೆಯ ದಿನ ಎಲ್ಲರಿಗಿಂತ ಮೊದಲು ಹೋಗಿ, ಹಾಳೆಯ ಮೇಲೆ ಜಾಗದ ನಕ್ಷೆ ಬಿಡಿಸಿ. ಕುರ್ಚಿ ಎಲ್ಲಿ, ಜಮಖಾನ ಎಲ್ಲಿ, ಮೈಕ್ ಯಾರ ಕೈಲಿ, ಬಾಗಿಲು ಎಲ್ಲಿ. ಜನ ಬರುತ್ತಿದ್ದಂತೆ ಯಾರು ಕುರ್ಚಿಯಲ್ಲಿ ಕೂತರು, ಯಾರು ನೆಲದಲ್ಲಿ, ಯಾರು ಹೊರಗೆ ಮರದ ಕೆಳಗೆ ನಿಂತರು ಎಂದು ಗುರುತು ಹಾಕಿ. ಕರ್ನಾಟಕದ ಯಾವುದೇ ಊರಿನಲ್ಲಿ ಈ ನಕ್ಷೆ ಬಿಡಿಸಿ ನೋಡಿ, ಕೇರಿಗಳ ನಕ್ಷೆಯನ್ನೇ ಸಣ್ಣದು ಮಾಡಿದ ಹಾಗೆ ಕಾಣುವುದು ತುಂಬಾ ಸಲ. ಕಾಣದಿದ್ದರೆ ಆ ಊರಿನಲ್ಲಿ ಏನೋ ಒಳ್ಳೆಯದು ನಡೆದಿದೆ, ಅದನ್ನೂ ಹುಡುಕಬೇಕು.

ಧ್ವನಿ ಮುದ್ರಿಸುವುದಿದ್ದರೆ ಅಧ್ಯಕ್ಷರ ಒಪ್ಪಿಗೆ ಪಡೆದು, ಸಭೆಗೂ ಒಮ್ಮೆ ಹೇಳಿ. ಮುಚ್ಚಿಟ್ಟು ಮುದ್ರಿಸಬೇಡಿ. ಒಪ್ಪದಿದ್ದರೆ ಬರೆದುಕೊಳ್ಳಿ. ಕೈಯಲ್ಲಿ ಬರೆದದ್ದೂ ಒಳ್ಳೆಯ ಮಾಹಿತಿಯೇ.

ಪ್ರತಿ ಮಾತಿಗೂ ಆರು ಸಂಗತಿ ಗುರುತಿಸಿ: ಮಾತಾಡಿದವರು ಗಂಡೋ ಹೆಣ್ಣೋ, ಯಾವ ಕೇರಿ, ಏನು ಕೇಳಿದರು, ಎಷ್ಟು ಹೊತ್ತು ಮಾತಾಡಿದರು, ನಡುವೆ ಯಾರಾದರೂ ತಡೆದರೇ, ಯಾರು ಏನು ಉತ್ತರ ಕೊಟ್ಟರು. ಹೆಸರು ಬರೆಯಬೇಡಿ, ಗುರುತಿನ ಸಂಖ್ಯೆ ಕೊಡಿ.

ಉತ್ತರಗಳ ಕಡೆ ವಿಶೇಷ ಗಮನ ಇರಲಿ. ನಾಲ್ಕಾರು ಸಭೆಯಲ್ಲಿ ಕೂತರೆ ಉತ್ತರಗಳು ಕೆಲವೇ ಬಗೆ ಎಂದು ಗೊತ್ತಾಗುತ್ತದೆ. "ಅನುದಾನ ಬಂದಿಲ್ಲ." "ಅದು ನಮ್ ವ್ಯಾಪ್ತಿಗೆ ಬರಲ್ಲ, ತಾಲ್ಲೂಕಿಗೆ ಹೋಗಿ." "ಅರ್ಜಿ ಬರ್ಕೊಡಿ." "ಆಯ್ತು, ನೋಡೋಣ ಕೂತ್ಕೊಳಿ." "ಬರ್ಕೊಂಡಿದೀವಿ." ಇವೊಂದೊಂದೂ ಬೇರೆ. "ವ್ಯಾಪ್ತಿಗೆ ಬರಲ್ಲ" ಎಂಬುದು ನಿಜವೂ ಆಗಿರಬಹುದು, ನಿಮ್ಮ ಜೇಬಿನ ಚೀಟಿ ನೋಡಿ. "ಅರ್ಜಿ ಬರ್ಕೊಡಿ" ಎಂದಾಗ ಬರೆಯಲು ಬಾರದವರ ಮಾತು ಅಲ್ಲಿಗೇ ನಿಲ್ಲುತ್ತದೆ. ಗ್ರಾಮಸಭೆಯ ಅರ್ಥವೇ ಬಾಯಲ್ಲಿ ಹೇಳಿದ್ದನ್ನು ಪುಸ್ತಕಕ್ಕೆ ತೆಗೆದುಕೊಳ್ಳುವುದು, ಅಲ್ವಾ? ಅಲ್ಲಿ ಮತ್ತೆ ಅರ್ಜಿ ಕೇಳುವುದು ನನಗೆ ಇಂದಿಗೂ ಸರಿ ಕಾಣುವುದಿಲ್ಲ.

ಮೌನವನ್ನೂ ಬರೆಯಿರಿ. ಫಲಾನುಭವಿಗಳ ಪಟ್ಟಿ ಓದುವಾಗ ಎಷ್ಟು ಹೊತ್ತು ಓದಿದರು, ಕೇಳಿಸುವ ಹಾಗೆ ಓದಿದರೇ, "ಆಕ್ಷೇಪಣೆ ಇದೆಯಾ?" ಎಂದು ಕೇಳಿ ಎಷ್ಟು ಕ್ಷಣ ಕಾದರು. ಗಡಿಯಾರ ನೋಡಿ ಬರೆದ ಒಂದು ಸಂಖ್ಯೆಗೆ ಪುಟಗಟ್ಟಲೆ ವಿವರಣೆಗಿಂತ ತೂಕ ಜಾಸ್ತಿ.

ಒಂದು ತಪ್ಪು ನಾನು ಮಾಡಿದ್ದೇನೆ, ನೀವು ಮಾಡಬೇಡಿ. ಶುರುವಿನಲ್ಲಿ ನಾನು ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದೆ, ಅವರೇ ಹಾಕಿಕೊಡುತ್ತಿದ್ದರು. ಜನ ನನ್ನನ್ನು ತಾಲ್ಲೂಕಿನ ಅಧಿಕಾರಿ ಎಂದುಕೊಂಡು ನನ್ನ ಕಡೆ ನೋಡಿ ಮಾತಾಡುತ್ತಿದ್ದರು. ಆ ಎರಡು ಸಭೆಯ ಟಿಪ್ಪಣಿ ಉಪಯೋಗಿಸಲು ಆಗಲಿಲ್ಲ. ಹಿಂದೆ, ನೆಲದ ಮೇಲೆ, ಮೈಕ್ ಕೇಳಿಸದ ಕಡೆ ಕೂತುಕೊಳ್ಳಿ. ಅಲ್ಲಿ ಕೂತಾಗಲೇ ಗುಸುಗುಸು ಕೇಳುವುದು. ಎದ್ದು ಹೇಳಲಾರದವರು ಪಕ್ಕದವರಿಗೆ ಹೇಳುವುದು ಅಲ್ಲೇ.

ಮುದ್ರಿಸಿದ್ದನ್ನು ಅಕ್ಷರಕ್ಕೆ ಇಳಿಸುವಾಗ ಆಡಿದ ಹಾಗೆಯೇ ಬರೆಯಿರಿ. "ನೀರು ಬತ್ತದೆ" ಎಂದದ್ದನ್ನು "ನೀರು ಸರಬರಾಜಾಗುತ್ತಿದೆ" ಎಂದು ತಿದ್ದಬೇಡಿ. ತಿದ್ದಿದ ಕೂಡಲೇ ನೀವೂ ಆ ನಡಾವಳಿ ಬರೆದವರ ಸಾಲಿಗೆ ಸೇರುತ್ತೀರಿ.

ಹೆಜ್ಜೆ 7: ಬಾರದವರನ್ನು ಹುಡುಕಿ

ಸಭೆಗೆ ಬಂದವರನ್ನು ಮಾತ್ರ ಮಾತಾಡಿಸಿದರೆ ಅರ್ಧ ಊರು ಹೊರಗೇ ಉಳಿಯುತ್ತದೆ. ಮತದಾರರ ಪಟ್ಟಿ ಹಿಡಿದು, ಪ್ರತಿ ಹತ್ತನೆಯದೋ ಇಪ್ಪತ್ತನೆಯದೋ ಹೆಸರು ಎಂದು ಲೆಕ್ಕ ಹಾಕಿ ಮನೆಗೆ ಹೋಗಿ. ಹೋಗುವ ಹೊತ್ತು ಮುಖ್ಯ. ಬೆಳಿಗ್ಗೆ ಹತ್ತಕ್ಕೆ ಹೋದರೆ ಹೊಲಕ್ಕೆ, ಕೂಲಿಗೆ, ಗಾರ್ಮೆಂಟ್ಸಿಗೆ ಹೋದವರು ಸಿಗುವುದಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋಗಿ. ಗ್ರಾಮಸಭೆಯೂ ಎಷ್ಟೋ ಕಡೆ ಬೆಳಿಗ್ಗೆ ಹನ್ನೊಂದಕ್ಕೇ ಇರುತ್ತದೆ. ಅಷ್ಟರಲ್ಲೇ ಒಂದು ಕಾರಣ ಸಿಕ್ಕಿತು ನೋಡಿ.

"ಯಾಕೆ ಹೋಗಲಿಲ್ಲ?" ಎಂದು ಕೇಳಬೇಡಿ. ಆಪಾದನೆಯ ಹಾಗೆ ಕೇಳಿಸುತ್ತದೆ, ಜನ "ಕೆಲ್ಸ ಇತ್ತು" ಎಂದು ಮುಗಿಸುತ್ತಾರೆ. "ಆವತ್ತು ಏನು ಮಾಡ್ತಾ ಇದ್ರಿ ಅವ್ವ?" ಎಂದು ಕೇಳಿ. "ಹಿಂದೆ ಯಾವತ್ತಾದ್ರೂ ಹೋಗಿದ್ರಾ? ಏನಾಯ್ತು?" ಎಂದು ಕೇಳಿ. ಹಿಂದೊಮ್ಮೆ ಎದ್ದು ಮಾತಾಡಿ, ಆಮೇಲೆ ಹೋಗುವುದನ್ನೇ ಬಿಟ್ಟವರು ಸಿಗುತ್ತಾರೆ. ಅವರ ಜೊತೆ ಒಂದು ಗಂಟೆ ಕೂರಿ.

ಮಕ್ಕಳನ್ನು ಬಿಡಬೇಡಿ. ಕರ್ನಾಟಕದಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಕುಂದಾಪುರದ ಕಡೆ ಮಕ್ಕಳ ಪಂಚಾಯಿತಿಗಳು 1990ರ ದಶಕದಲ್ಲೇ ಕೆಲಸ ಮಾಡಿದ್ದವು. ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ, ದಾರಿಯಲ್ಲಿ ಸಂಕ (ಕಾಲುಸೇತುವೆ) ಮುರಿದಿದೆ ಎಂದು ಮಕ್ಕಳು ಹೇಳುವಷ್ಟು ನೇರವಾಗಿ ದೊಡ್ಡವರು ಹೇಳುವುದಿಲ್ಲ. ಅವರನ್ನು ಮಾತಾಡಿಸಲು ಶಾಲೆ ಮತ್ತು ಪೋಷಕರ ಒಪ್ಪಿಗೆ ಎರಡೂ ಬೇಕು.

ಹೆಜ್ಜೆ 8: ಮಾತಿನ ಬೆನ್ನು ಹತ್ತಿ

ಸಭೆಯಲ್ಲಿ ಎದ್ದ ಬೇಡಿಕೆಗಳನ್ನೆಲ್ಲ ಒಂದು ಪಟ್ಟಿ ಮಾಡಿ. ಎಕ್ಸೆಲ್ ಇದ್ದರೆ ಒಳ್ಳೆಯದು, ಅಡ್ಡಗೆರೆ ಪುಸ್ತಕವೂ ಸಾಕು. ಒಂದೊಂದು ಬೇಡಿಕೆಗೂ ಐದು ಮನೆ: ನಡಾವಳಿಯಲ್ಲಿ ಬಂತೇ, ಬಂದಿದ್ದರೆ ಯಾವ ಮಾತಿನಲ್ಲಿ, ಕ್ರಿಯಾಯೋಜನೆಗೆ ಹೋಯಿತೇ, ಕೆಲಸ ಶುರುವಾಯಿತೇ, ಕೇಳಿದವರಿಗೆ ಅದು ತಲುಪಿತೇ.

ಇದಕ್ಕೆ ಒಂದು ವರ್ಷವಾದರೂ ಬೇಕು. ಅಷ್ಟು ಸಮಯ ಇಲ್ಲದವರು ಹಿಂದಿನಿಂದ ಬನ್ನಿ. ಎರಡು ವರ್ಷದ ಹಿಂದಿನ ನಡಾವಳಿ ತೆಗೆದುಕೊಂಡು ಮುಂದಿನ ಕ್ರಿಯಾಯೋಜನೆಗಳ ಜೊತೆ ತಾಳೆ ನೋಡಿ. ಬಾಯಿಮಾತು ಮತ್ತು ನಡಾವಳಿಯ ನಡುವಿನ ಅಂತರ ಮಾತ್ರ ಆಗ ಸಿಗುವುದಿಲ್ಲ.

ಉಲ್ಟಾ ಕಡೆಯಿಂದಲೂ ನೋಡಿ. ಕ್ರಿಯಾಯೋಜನೆಯಲ್ಲಿರುವ ಕೆಲಸಗಳಲ್ಲಿ ಯಾರೂ ಕೇಳದೇ ಬಂದವು ಎಷ್ಟು? ಅವು ಎಲ್ಲಿಂದ ಬಂದವು? ಕೆಲವಕ್ಕೆ ಒಳ್ಳೆಯ ಕಾರಣ ಇರುತ್ತದೆ. ಅನುದಾನದ ಷರತ್ತೇ ಹಾಗಿರಬಹುದು, ಇಂತಿಷ್ಟು ಹಣ ನೀರಿಗೆ, ಇಂತಿಷ್ಟು ನೈರ್ಮಲ್ಯಕ್ಕೆ ಎಂದು ಮೇಲಿನಿಂದಲೇ ಕಟ್ಟಿಹಾಕಿರಬಹುದು. ಹಾಗಿದ್ದರೆ ಪಂಚಾಯಿತಿಯನ್ನು ದೂರುವುದು ಅನ್ಯಾಯ. ಜನರ ಕೈಯಲ್ಲಿ ಎಷ್ಟು ತೀರ್ಮಾನ ಉಳಿದಿದೆ ಎಂಬುದೇ ಆಗ ನಿಮ್ಮ ಪ್ರಶ್ನೆಯಾಗುತ್ತದೆ.

ನಾನು ಆ ನೀರಿನ ಮಾತಿನ ಬೆನ್ನು ಹತ್ತಿದೆ. ನಡಾವಳಿಯಲ್ಲಿ "ಕುಡಿಯುವ ನೀರಿನ ಸಮಸ್ಯೆ" ಎಂದಾಗಿದ್ದದ್ದು, ಮುಂದಿನ ಕ್ರಿಯಾಯೋಜನೆಯಲ್ಲಿ ಪೈಪ್‌ಲೈನ್ ಕಾಮಗಾರಿಯಾಗಿ ಬಂತು. ಕಾಮಗಾರಿಯೂ ಆಯಿತು, ಬೇರೆ ಬೀದಿಯಲ್ಲಿ. ಕಾಗದದ ಮೇಲೆ ನೋಡಿದವರು "ಬೇಡಿಕೆ ಈಡೇರಿದೆ" ಎಂದು ಗುರುತು ಹಾಕುತ್ತಿದ್ದರು. ನೀರುಗಂಟಿಯ ಜೊತೆ ವಾಲ್ವ್ ತಿರುಗಿಸುವ ಜಾಗಕ್ಕೆ ಹೋದೆ. ಮೂರು ವಾಲ್ವ್. ಟ್ಯಾಂಕಿಗೆ ಹತ್ತಿರದ್ದು ಮೊದಲು, ಕೇರಿಯದು ಕೊನೆಗೆ. "ಯಾಕಣ್ಣ ಈ ಸಾಲು?" ಎಂದೆ. "ಮುಂಚಿಂದ್ಲೂ ಹಿಂಗೇ" ಎಂದರು. ಯಾವ ಠರಾವೂ ಇಲ್ಲ, ಯಾರೂ ಕೂತು ತೀರ್ಮಾನಿಸಿದ್ದಲ್ಲ. ನಲವತ್ತು ಮನೆಯವರ ನಿದ್ದೆಯನ್ನು ಕೆಡಿಸುತ್ತಿದ್ದದ್ದು ಆ ಒಂದು ರೂಢಿ.

ಹೆಜ್ಜೆ 9: ಎಣಿಸಿ, ಬರೆಯಿರಿ

ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಐವತ್ತು ಅರವತ್ತು ಬೇಡಿಕೆಗಳನ್ನು ಬಣ್ಣದ ಪೆನ್ಸಿಲ್ ಹಿಡಿದು ವಿಂಗಡಿಸಬಹುದು. ನೀವು ವಿಂಗಡಿಸಿದ್ದನ್ನು ತೋರಿಸದೆ, ಸ್ನೇಹಿತರೊಬ್ಬರಿಗೆ ಅದೇ ಮಾತುಗಳನ್ನು ಕೊಟ್ಟು ವಿಂಗಡಿಸಲು ಹೇಳಿ. ಇಬ್ಬರದೂ ಎಲ್ಲಿ ಬೇರೆ ಬಂತೋ ಅಲ್ಲಿ ಕೂತು ಮಾತಾಡಿ.

ಶೇಕಡಾವಾರು ಬರೆಯುವಾಗ ಪಕ್ಕದಲ್ಲೇ ಮೂಲ ಸಂಖ್ಯೆ ಇರಲಿ. ನಾಲ್ಕು ಬೇಡಿಕೆಯಲ್ಲಿ ಎರಡು ಈಡೇರಿದರೆ "ಶೇ 50" ಎಂದಷ್ಟೇ ಬರೆಯುವುದು ಓದುಗರಿಗೆ ಮಾಡುವ ಮೋಸ. ಒಂದು ಪಂಚಾಯಿತಿ ನೋಡಿ ಕರ್ನಾಟಕದ ಸುಮಾರು 6 ಸಾವಿರ ಪಂಚಾಯಿತಿಗಳ ಬಗ್ಗೆ ತೀರ್ಪು ಕೊಡಬೇಡಿ. ಒಂದನ್ನು ಚೆನ್ನಾಗಿ ನೋಡಿದ್ದೇನೆ ಎಂದರೆ ಸಾಕು, ಅದು ಚಿಕ್ಕ ಮಾತಲ್ಲ.

ಊರಿನ ಹೆಸರು ಬದಲಿಸಿ. ಆದರೂ "ಮಹಿಳಾ ಮೀಸಲಿನ ಅಧ್ಯಕ್ಷೆ, ಎರಡನೇ ಸಲ ಗೆದ್ದವರು" ಎಂದರೆ ತಾಲ್ಲೂಕಿನವರಿಗೆಲ್ಲ ಯಾರೆಂದು ಗೊತ್ತಾಗುತ್ತದೆ. ಅಂಥ ವಿವರ ತೆಗೆಯಿರಿ. ನೀವು ಊರು ಬಿಟ್ಟು ಬರುತ್ತೀರಿ, ನಿಮ್ಮ ಹತ್ತಿರ ಮಾತಾಡಿದವರು ಅಲ್ಲೇ ಇರಬೇಕು.

ನಗರದಲ್ಲಿ ಇರುವವರು ಇದೇ ದಾರಿಯಲ್ಲಿ ವಾರ್ಡ್ ಸಮಿತಿಗಳನ್ನು ನೋಡಬಹುದು. 74ನೇ ತಿದ್ದುಪಡಿ ಅವುಗಳ ಬಗ್ಗೆ ಹೇಳುತ್ತದೆ. ಆದರೆ ಅಲ್ಲಿ ಎಲ್ಲ ಮತದಾರರೂ ಸದಸ್ಯರಲ್ಲ, ಹಾಗಾಗಿ "ಯಾರು ಬರುತ್ತಾರೆ" ಎಂಬುದಕ್ಕಿಂತ "ಯಾರನ್ನು ಸೇರಿಸಿದ್ದಾರೆ" ಎಂಬ ಪ್ರಶ್ನೆ ಮೊದಲು ಬರುತ್ತದೆ.

ಹೆಜ್ಜೆ 10: ಬರೆದದ್ದನ್ನು ಊರಿಗೆ ತೆಗೆದುಕೊಂಡು ಹೋಗಿ

ಪ್ರಬಂಧ ಸಲ್ಲಿಸುವ ಮೊದಲು ಹೋಗಿ, ಸಲ್ಲಿಸಿದ ಮೇಲಲ್ಲ. ನಾಲ್ಕು ಪುಟದ ಸರಳ ಕನ್ನಡದ ಪ್ರತಿ ಮಾಡಿ. ಒಂದನ್ನು ಪಂಚಾಯಿತಿಗೆ ಕೊಡಿ, ಒಂದನ್ನು ಊರಿನ ಗ್ರಂಥಾಲಯಕ್ಕೆ. ಆದರೆ ಕೊಟ್ಟು ಬರುವುದಕ್ಕಿಂತ ಓದಿ ಹೇಳುವುದು ಮುಖ್ಯ. ಓದಲು ಬಾರದವರ ಮಾತು ಅದರಲ್ಲಿದ್ದರೆ, ಅವರ ಭಾಗವನ್ನು ಅವರಿಗೇ ಓದಿ ಹೇಳಿ. ತಪ್ಪಿದ್ದರೆ ತಿದ್ದಿಕೊಳ್ಳಿ.

ಆ ಕೇರಿಗೆ ನಾನು ಸಂಜೆ ಹೋದೆ. ಜಗಲಿಯ ಮೇಲೆ ಕೂತು ಆಕೆಯ ಭಾಗ ಓದಿದೆ. ಕರಡಿನಲ್ಲಿ ನಾನು "ನೀರಿನ ಸಮಯ ಬದಲಿಸಲು ಅರ್ಜಿ ಸಲ್ಲಿಸಿದ ಮಹಿಳೆ" ಎಂದು ಬರೆದಿದ್ದೆ. ಅವರು ಕೈ ಎತ್ತಿ ನಿಲ್ಲಿಸಿದರು. "ನಾನ್ ಅರ್ಜಿ ಕೊಟ್ಟಿಲ್ಲ ಕಣಪ್ಪ. ಎದ್ ನಿಂತ್ಕಂಡು ಹೇಳ್ದೆ." ಅಲ್ಲೇ ಪೆನ್ನು ತೆಗೆದು ಆ ಸಾಲು ಹೊಡೆದು ಹಾಕಿದೆ. ಅವರು ಹೇಳಿದ್ದನ್ನೇ ಬರೆದು, ಇನ್ನೊಂದು ಸಲ ಓದಿ ಹೇಳಿದೆ.